ಮೂರನೇ ಸಂಖ್ಯೆ ಮಾನಕ ವಿಚಲನೆ ಅಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಶಿಕ್ಷಣ ಪುಟದಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿ ಗಣಿತದ ಸಾಫ್ಟ್‌ವೇರ್‌ಗಳ ಬಗ್ಗೆ ಒಂದು ಲೇಖನ ಬಂದಿತ್ತು. ಒಳ್ಳೆಯ ಲೇಖನ. ದುಡ್ಡು ಕೊಡದೆ ಸಿಗುವ ಆರ್, ಮ್ಯಾಕ್ಸಿಮಾ, ಪೈಥಾನ್ ಬಗ್ಗೆ ಕನ್ನಡದಲ್ಲಿ ಯಾರು ಬರೆದರೂ ನನಗೆ ಖುಷಿ. ಆದರೆ ಅದರಲ್ಲಿ ಒಂದು ಸಾಲಿತ್ತು. ನಾರ್ಮಲ್ ಆಗಲಿ, ಲಾಜಿಸ್ಟಿಕ್ ಆಗಲಿ, ಸರಾಸರಿ ಮತ್ತು ಮಾನಕ ವಿಚಲನೆ ಕೊಟ್ಟರೆ ಸಾಕು, ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ ಅಂತ. (ಸಂಖ್ಯೆಗಳು ಹೇಗೆ ಹರಡಿವೆ ಅಂತ ಹೇಳುವ ಸೂತ್ರಕ್ಕೆ ವಿತರಣೆ ಅನ್ನುತ್ತೇವೆ. ನಾರ್ಮಲ್, ಲಾಜಿಸ್ಟಿಕ್ ಅಂಥ ಎರಡು. ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚೆದುರಿವೆ ಅನ್ನುವ ಅಳತೆ ಮಾನಕ ವಿಚಲನೆ.) ನಾರ್ಮಲ್‌ಗೆ ಇದು ಸರಿ. ಲಾಜಿಸ್ಟಿಕ್‌ಗೆ ತಪ್ಪು. ಬರೀ ಅಚ್ಚಿನ ದೋಷವಾಗಿದ್ದರೆ ಸುಮ್ನೆ ಇರುತ್ತಿದ್ದೆ. ಇದೇ ತಪ್ಪಿನಿಂದ ಒಬ್ಬ ಹುಡುಗಿಯ ಅಂಕ ಹೋದದ್ದನ್ನು ಈಚೆಗಷ್ಟೇ ಕಣ್ಣಾರೆ ನೋಡಿದೆ. ಅದಕ್ಕೇ ಈ ಪತ್ರ.

ನಾನು ವಿಜಯಪುರದವನು. 31 ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿದ್ದೇನೆ. ನಾನು ನೌಕರಿಗೆ ಸೇರಿದಾಗ ಇಡೀ ವಿಭಾಗಕ್ಕೆ ಒಂದೇ ಕ್ಯಾಲ್ಕುಲೇಟರ್ ಇತ್ತು, ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬೀಗದ ಕೈ ಮುಖ್ಯಸ್ಥರ ಜೇಬಿನಲ್ಲಿ. ನಾವೆಲ್ಲ ಪುಸ್ತಕದ ಹಿಂದಿನ ಟೇಬಲ್ ನೋಡಿ ಲೆಕ್ಕ ಮಾಡಿದವರು. ಈಗಿನ ಮಕ್ಕಳು ಒಂದು ಸಾಲು ಟೈಪ್ ಮಾಡಿ ಉತ್ತರ ತೆಗೆಯುತ್ತಾರೆ ಅಂತ ನನಗೇನೂ ಹೊಟ್ಟೆಕಿಚ್ಚಿಲ್ಲ. ನಾನೂ ಈಗ ಹಾಗೇ ತೆಗೆಯುತ್ತೇನೆ.

ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳದು ಇಂಡಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಓಣಿಯಲ್ಲಿರುವ ಸೋದರಮಾವನ ಮನೆಯಲ್ಲಿದ್ದುಕೊಂಡು ಬಿಎಸ್‌ಸಿ ಓದುತ್ತಾಳೆ. ಲೆಕ್ಕ ತಿಳಿಯದಿದ್ದರೆ ಸಂಜೆ ನಮ್ಮ ಕಟ್ಟೆಗೆ ಬರುವುದು ರೂಢಿ. ಪ್ರಾಯೋಗಿಕ ಪರೀಕ್ಷೆ ಮುಗಿದ ದಿನ ಬಂದವಳು ಚಹಾ ಬೇಡ ಅಂದಳು. ಆಗಲೇ ಏನೋ ಆಗಿದೆ ಅಂತ ನಮ್ಮ ಮನೆಯವರಿಗೆ ಗೊತ್ತಾಯಿತು. ನನಗೆ ಸ್ವಲ್ಪ ತಡವಾಗಿ ಗೊತ್ತಾಯಿತು.

‘ಸರ, ನಾ ತಪ್ಪು ಮಾಡೀನೇನ್ರಿ?’ ಅಂತ ಒಂದು ಹಾಳೆ ಮುಂದಿಟ್ಟಳು.

ಪ್ರಶ್ನೆ ಹೀಗಿತ್ತು. ಒಂದು ಸರಕಿನ ಬೆಲೆ ಲಾಜಿಸ್ಟಿಕ್ ವಿತರಣೆಯಲ್ಲಿದೆ. ಸರಾಸರಿ 800, ಮಾನಕ ವಿಚಲನೆ 100. ಬೆಲೆ 950ಕ್ಕಿಂತ ಕಡಿಮೆ ಇರುವ ಸಂಭವನೀಯತೆಯನ್ನು ಆರ್ ಬಳಸಿ ಕಂಡುಹಿಡಿಯಿರಿ. ಇವಳ ಉತ್ತರ 0.9382. ಪರೀಕ್ಷಕರ ಕೈಯಲ್ಲಿದ್ದ ಉತ್ತರದ ಚೀಟಿಯಲ್ಲಿ 0.8176. ಬ್ಯಾಚಿನ ಉಳಿದವರೆಲ್ಲರಿಗೂ 0.8176 ಬಂದಿತ್ತು. ಎಲ್ಲರದೂ ಒಂದು, ಇವಳದೊಂದು ಬೇರೆ ಅಂದಮೇಲೆ ತಪ್ಪು ಇವಳದೇ, ಅಲ್ವಾ? 10 ಅಂಕದ ಪ್ರಶ್ನೆಗೆ ಅವಳ ಎದುರಿಗೇ 3 ಹಾಕಿದರಂತೆ.

ಸುಳ್ಳು ಹೇಳಲಾರೆ, ಮೊದಲ ನಿಮಿಷ ನನಗೂ ಇವಳದೇ ತಪ್ಪು ಅನಿಸಿತು. 950ರಿಂದ 800 ಕಳೆದರೆ 150, ಅದನ್ನು 100ರಿಂದ ಭಾಗಿಸಿದರೆ 1.5. ಅದನ್ನು ಸೂತ್ರಕ್ಕೆ ಹಾಕಿದರೆ 0.8176 ಬರುತ್ತದೆ. ಸರಿಯಾಗೇ ಇದೆಯಲ್ಲ ಅಂದುಕೊಂಡೆ. ಆಗ ಅವಳು, ‘ಸರ, ಆರ್‌ದಾಗ ಹೆಲ್ಪ್ ಪುಟ ಐತಲ್ರಿ, ಅಲ್ಲಿ ಬರದಾರ್ರಿ’ ಅಂದಳು. ಬರೆದಿದ್ದರು. ವೇರಿಯನ್ಸ್ (ಮಾನಕ ವಿಚಲನೆಯ ವರ್ಗ) ಅಂದರೆ ಪೈ ವರ್ಗವನ್ನು 3ರಿಂದ ಭಾಗಿಸಿ, ಅದಕ್ಕೆ ಸ್ಕೇಲ್‌ನ ವರ್ಗದಿಂದ ಗುಣಿಸಿದ್ದು ಅಂತ. ಒಂದೇ ಸಾಲು. ಅದನ್ನು ಆ ಬ್ಯಾಚಿನಲ್ಲಿ ಓದಿದವಳು ಇವಳೊಬ್ಬಳೇ. ಓದಿದ್ದಕ್ಕೆ 7 ಅಂಕ ದಂಡ.

ಈಗ ಆ ಸಾಲಿನ ಅರ್ಥ ಏನು ಅಂತ ಹೇಳಬೇಕು. ಅವಳ ಅಪ್ಪ ನಿಂಬೆ ಬೆಳೆಗಾರ, ಹಾಗಾಗಿ ಅವಳಿಗೆ ನಿಂಬೆಯಿಂದಲೇ ಹೇಳಿದ್ದೆ. ನಿಮ್ಮ ಓದುಗರಿಗೂ ಅದೇ ಇರಲಿ. (ಇಂಡಿಯ ನಿಂಬೆಗೆ ಈಗ ಜಿಐ ಟ್ಯಾಗ್ ಇದೆ. ದರಕ್ಕೆ ಮಾತ್ರ ಯಾವ ಟ್ಯಾಗೂ ಇಲ್ಲ.)

ಸವಾಲಿನ (ಹರಾಜಿನ) ಕಟ್ಟೆಯ ಮೇಲೆ 100 ಮಂದಿ ಬೆಳೆಗಾರರು ನಿಂತಿದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರ ಮನಸ್ಸಿನಲ್ಲೂ ಒಂದು ದರ ಇರುತ್ತದೆ. ಅಷ್ಟು ಬಂದರೆ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ. ಟೆಂಪೊ ಬಾಡಿಗೆ ಇವತ್ತೇ ಕೊಡಬೇಕಾದವನು ಚೀಲಕ್ಕೆ 620 ಅಂದರೂ ತಲೆ ಆಡಿಸುತ್ತಾನೆ. ಕೈಯಲ್ಲಿ ನಾಲ್ಕು ಕಾಸು ಇದ್ದವನು 980 ಆಗುವವರೆಗೂ ಆ ಕಡೆ ನೋಡುವುದೇ ಇಲ್ಲ. ಹೆಚ್ಚಿನವರು 800ರ ಆಚೆ ಈಚೆ. ದಲಾಲ ಕೆಳಗಿನಿಂದ ದರ ಕೂಗುತ್ತಾ ಹೋದರೆ ಮೊದಲು ಒಬ್ಬಿಬ್ಬರು ಒಪ್ಪುತ್ತಾರೆ. 750 ದಾಟಿದ ಮೇಲೆ ಗುಂಪು ಗುಂಪಾಗಿ ಒಪ್ಪುತ್ತಾರೆ. 900ರ ಮೇಲೆ ಮತ್ತೆ ನಿಧಾನ, ಹಟಮಾರಿಗಳು ಮಾತ್ರ ಉಳಿದಿರುತ್ತಾರೆ. ಒಪ್ಪಿದವರ ಲೆಕ್ಕವನ್ನು ಗ್ರಾಫ್ ಹಾಳೆಯ ಮೇಲೆ ಬರೆದರೆ ಇಂಗ್ಲಿಷಿನ ಎಸ್ ಅಕ್ಷರವನ್ನು ಎಳೆದು ಓರೆ ಮಾಡಿದ ಹಾಗೆ ಒಂದು ಗೆರೆ ಬರುತ್ತದೆ. ಆ ಗೆರೆಗೆ ಸರಳವಾಗಿ ಹೊಂದುವ ಸೂತ್ರಗಳಲ್ಲಿ ಲಾಜಿಸ್ಟಿಕ್ ಒಂದು. ದರಗಳನ್ನು ಲೆಕ್ಕ ಸುಲಭವಾಗಲಿ ಅಂತ ಇಟ್ಟುಕೊಂಡಿದ್ದೇನೆ, ಇವತ್ತಿನ ಪೇಟೆ ಧಾರಣೆ ಅಂತ ಯಾರೂ ತಿಳಿಯಬೇಡಿ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಪಕ್ಕದ ಮನೆಯವರು ಇದೆಲ್ಲ ಲಾರಿ ಸಾಗಣೆಯ ಲಾಜಿಸ್ಟಿಕ್ಸ್ ಅಂತಲೇ ತಿಳಿದಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬೆಲ್ಜಿಯಂನ ವೆರ್ಹುಲ್ಸ್ಟ್ ಎಂಬುವವರು 1838ರಲ್ಲಿ ಜನಸಂಖ್ಯೆ ಹೇಗೆ ಬೆಳೆದು ಹೇಗೆ ನಿಲ್ಲುತ್ತದೆ ಅಂತ ತೋರಿಸಲು ಈ ಗೆರೆ ಬಳಸಿದರು. 1845ರಲ್ಲಿ ಅದಕ್ಕೆ ಈ ಹೆಸರಿಟ್ಟರು. ಔಷಧದ ಯಾವ ಪ್ರಮಾಣಕ್ಕೆ ಎಷ್ಟು ಕೀಟ ಸಾಯುತ್ತವೆ ಎಂಬಂಥ ಲೆಕ್ಕಕ್ಕೆ ಮೊದಲು ನಾರ್ಮಲ್ ಬಳಸುತ್ತಿದ್ದರು. ಅಲ್ಲಿ ಲಾಜಿಸ್ಟಿಕ್ ಬಳಸಿ ಲಾಜಿಟ್ ಎಂಬ ಪದ ಹುಟ್ಟಿಸಿದವರು ಅಮೆರಿಕದ ಬರ್ಕ್‌ಸನ್, 1944ರಲ್ಲಿ. ಕೀಟಕ್ಕೆ ಔಷಧ, ಬೆಳೆಗಾರನಿಗೆ ದರ. ಲೆಕ್ಕ ಒಂದೇ.

ಈ ವಿತರಣೆಯ ಮೇಲೆ ನನಗೆ ಪ್ರೀತಿ ಇರುವುದು ಒಂದೇ ಕಾರಣಕ್ಕೆ. ಇದಕ್ಕೆ ಟೇಬಲ್ ಬೇಡ. ದರದಿಂದ ಸರಾಸರಿ ಕಳೆಯಿರಿ, ಸ್ಕೇಲ್‌ನಿಂದ ಭಾಗಿಸಿ. ಬಂದದ್ದಕ್ಕೆ ಮೈನಸ್ ಹಾಕಿ ಇ ಎಂಬ ಸಂಖ್ಯೆಯ (ಸುಮಾರು 2.718) ತಲೆಯ ಮೇಲೆ ಘಾತವಾಗಿ ಕೂರಿಸಿ. ಅದಕ್ಕೆ 1 ಸೇರಿಸಿ, 1ನ್ನು ಅದರಿಂದ ಭಾಗಿಸಿ. ಮುಗಿಯಿತು. 400 ರೂಪಾಯಿಯ ಕ್ಯಾಲ್ಕುಲೇಟರ್ ಸಾಕು. ನಾರ್ಮಲ್‌ಗೆ ಇಷ್ಟು ಸರಳ ಸೂತ್ರ ಇಲ್ಲ, ಅದಕ್ಕೇ ನಾವೆಲ್ಲ ಪುಸ್ತಕದ ಕೊನೆಯ ಪುಟಗಳನ್ನು ಸವೆಸಿದ್ದು.

ಗಂಟು ಇರುವುದು ಆ ಸ್ಕೇಲ್‌ನಲ್ಲಿ. ಸ್ಕೇಲ್ ಅಂದರೆ ಗೆರೆ ಎಷ್ಟು ಹರಡಿದೆ ಅಂತ ಹೇಳುವ ಅಳತೆ. ಮಾನಕ ವಿಚಲನೆಯೂ ಹರಡುವಿಕೆಯ ಅಳತೆಯೇ. ಆದರೆ ಎರಡೂ ಒಂದೇ ಅಲ್ಲ. ಲಾಜಿಸ್ಟಿಕ್‌ನಲ್ಲಿ ಸ್ಕೇಲ್‌ಗೆ 1.8138ರಿಂದ ಗುಣಿಸಿದರೆ ಮಾನಕ ವಿಚಲನೆ. ಪೈ ಸಂಖ್ಯೆಯನ್ನು 3ರ ವರ್ಗಮೂಲದಿಂದ ಭಾಗಿಸಿದರೆ ಈ 1.8138 ಸಿಗುತ್ತದೆ. ಗಜಕ್ಕೂ ಮೀಟರಿಗೂ ಇರುವ ಹಾಗೆ ಇದೊಂದು ಗೊತ್ತಿರುವ ಸಂಬಂಧ. ಪ್ರಶ್ನೆಯಲ್ಲಿ ಮಾನಕ ವಿಚಲನೆ 100 ಅಂತ ಕೊಟ್ಟಿದ್ದರೆ ಕಂಪ್ಯೂಟರಿಗೆ ಕೊಡಬೇಕಾದ ಸ್ಕೇಲ್ 55.13. ಹುಡುಗಿ ಮಾಡಿದ್ದು ಅದನ್ನೇ. 150ನ್ನು 55.13ರಿಂದ ಭಾಗಿಸಿದರೆ 2.72. ಉತ್ತರ 0.9382. 100 ಬೆಳೆಗಾರರಲ್ಲಿ 94 ಮಂದಿ ಒಪ್ಪಿದ ಹಾಗೆ. ಚೀಟಿಯ ಉತ್ತರದ ಪ್ರಕಾರ 82 ಮಂದಿ. 12 ಮಂದಿ ಎಲ್ಲಿ ಹೋದರು?

ಪರೀಕ್ಷಕರಿಗೆ ಇನ್ನೊಂದು ಕಡೆಯಿಂದಲೂ ಅನುಮಾನ ಬರಬಹುದಿತ್ತು. ಇದೇ ಸರಾಸರಿ, ಇದೇ ಮಾನಕ ವಿಚಲನೆ ಇಟ್ಟು ನಾರ್ಮಲ್ ಲೆಕ್ಕ ಮಾಡಿದರೆ 0.9332 ಬರುತ್ತದೆ. ನಾರ್ಮಲ್ ಮತ್ತು ಲಾಜಿಸ್ಟಿಕ್ ಎರಡೂ ಗಂಟೆಯ ಆಕಾರದವು, ಹತ್ತಿರದ ನೆಂಟರು. ಒಂದೇ ಹರಡುವಿಕೆ ಕೊಟ್ಟಾಗ ಒಬ್ಬರು 93, ಇನ್ನೊಬ್ಬರು 94 ಅಂದರೆ ನಂಬಬಹುದು. 93 ಮತ್ತು 82 ಅಂದರೆ ಎಲ್ಲೋ ಎಡವಿದ್ದೇವೆ ಅಂತಲೇ ಅರ್ಥ.

ತಿರುಗಿಸಿ ಕೇಳಿದರೆ ತಪ್ಪು ಇನ್ನೂ ದೊಡ್ಡದಾಗಿ ಕಾಣುತ್ತದೆ. 100ಕ್ಕೆ 90 ಮಂದಿ ಒಪ್ಪಬೇಕಾದರೆ ದರ ಎಷ್ಟಿರಬೇಕು? ಒಪ್ಪಿದವರು 90, ಒಪ್ಪದವರು 10, ಭಾಗಿಸಿದರೆ 9. ಅದರ ನ್ಯಾಚುರಲ್ ಲಾಗ್ 2.197. ಸರಿಯಾದ ಸ್ಕೇಲ್‌ನಿಂದ ಗುಣಿಸಿ 800ಕ್ಕೆ ಕೂಡಿಸಿದರೆ 921 ರೂಪಾಯಿ. ತಪ್ಪು ಸ್ಕೇಲ್ ಇಟ್ಟರೆ 1,020. ಚೀಲಕ್ಕೆ 99 ರೂಪಾಯಿ ವ್ಯತ್ಯಾಸ. ಇದನ್ನು ಕೇಳಿದ ಅವಳಪ್ಪ, ‘ತಪ್ಪು ಲೆಕ್ಕಾನೇ ಚಲೋ ಐತಲ್ರಿ ಸರ, ಅದನ್ನೇ ದಲಾಲಗ ಹೇಳ್ರಿ’ ಅಂದರು.

ಕಂಪ್ಯೂಟರ್ ಯಾಕೆ ಎಚ್ಚರಿಸಲಿಲ್ಲ ಅಂತ ಯಾರಾದರೂ ಕೇಳಬಹುದು. ಅದಕ್ಕೆ ಏನೂ ಗೊತ್ತಿಲ್ಲ. ಆರ್‌ನಲ್ಲಿ ನಾರ್ಮಲ್‌ಗೆ ಪಿನಾರ್ಮ್ ಅಂತ ಬರೆದು ಕಂಸದಲ್ಲಿ 950, 800, 100 ಅಂತ ಕೊಡುತ್ತೇವೆ. ಅಲ್ಲಿ ಮೂರನೇ ಸಂಖ್ಯೆ ಮಾನಕ ವಿಚಲನೆ. ಲಾಜಿಸ್ಟಿಕ್‌ಗೆ ಪಿಲಾಜಿಸ್ ಅಂತ ಬರೆದು ಅದೇ ಮೂರು ಸಂಖ್ಯೆ ಕೊಟ್ಟರೂ ಉತ್ತರ ಬರುತ್ತದೆ. ಅಲ್ಲಿ ಮೂರನೆಯದು ಸ್ಕೇಲ್. ಕುರ್ಚಿ ಅದೇ, ಕೂತವರು ಬೇರೆ. ಕೆಂಪು ಅಕ್ಷರದ ದೋಷ ಸಂದೇಶ ಬರುವುದಿಲ್ಲ, ಯಾಕೆಂದರೆ 100 ಎಂಬ ಸ್ಕೇಲ್ ಕೂಡ ಒಪ್ಪುವಂಥದ್ದೇ.

ಪೈಥಾನ್‌ನ ಸೈಪೈ ಬಳಸುವವರಿಗೆ ಇನ್ನೂ ಜಾಸ್ತಿ ಗೊಂದಲ. ಅದರಲ್ಲಿ ನಾರ್ಮಲ್‌ಗೂ ಲಾಜಿಸ್ಟಿಕ್‌ಗೂ ಎರಡಕ್ಕೂ ಸ್ಕೇಲ್ ಎಂದೇ ಹೆಸರು. ನಾರ್ಮಲ್‌ನಲ್ಲಿ ಆ ಸ್ಕೇಲ್ ಅಂದರೆ ಮಾನಕ ವಿಚಲನೆಯೇ, ಲಾಜಿಸ್ಟಿಕ್‌ನಲ್ಲಿ ಅಲ್ಲ. ಮ್ಯಾಟ್‌ಲ್ಯಾಬ್‌ನಲ್ಲಿ ಲಾಜಿಸ್ಟಿಕ್‌ನ ಸ್ಕೇಲ್‌ಗೆ ಸಿಗ್ಮಾ ಅಂತ ಹೆಸರಿದೆ. ನಮ್ಮ ಮಕ್ಕಳಿಗೆ ಪಿಯುಸಿಯಿಂದಲೂ ಸಿಗ್ಮಾ ಅಂದರೆ ಮಾನಕ ವಿಚಲನೆ ಅಂತ ಬಾಯಿಪಾಠ. ಕೈಪಿಡಿಯಲ್ಲಿ ಅದು ಸ್ಕೇಲ್ ಎಂದು ಸ್ಪಷ್ಟವಾಗಿದೆ, ಆದರೆ ಕೈಪಿಡಿ ಓದುವವರು ಎಷ್ಟು ಮಂದಿ? ಮ್ಯಾಥಮ್ಯಾಟಿಕಾ ಅದನ್ನು ಬೀಟಾ ಅನ್ನುತ್ತದೆ. ಮ್ಯಾಕ್ಸಿಮಾ ಎ ಮತ್ತು ಬಿ ಅಂತ ಕರೆದು ಸುಮ್ಮನಾಗುತ್ತದೆ. ನನ್ನ ಮಟ್ಟಿಗೆ ಮ್ಯಾಕ್ಸಿಮಾದ್ದೇ ವಾಸಿ. ಬಿ ಅಂತ ನೋಡಿದವನು ಏನಪ್ಪಾ ಇದು ಅಂತ ಒಮ್ಮೆ ಕೇಳಿಕೊಳ್ಳುತ್ತಾನೆ. ಸಿಗ್ಮಾ ನೋಡಿದವನು ಕೇಳುವುದಿಲ್ಲ.

ಎಕ್ಸೆಲ್‌ನಲ್ಲಂತೂ ಲಾಜಿಸ್ಟಿಕ್ ವಿತರಣೆಗೆ ಅಂತಲೇ ಇರುವ ಫಂಕ್ಷನ್ ಇಲ್ಲ. ಹುಡುಕುವ ಮಕ್ಕಳು ಲಾಗ್‌ನಾರ್ಮ್, ಲಾಗ್‌ಇನ್ವ್ ಎಂಬ ಹೆಸರು ನೋಡಿ ಇದೇ ಇರಬೇಕು ಅಂತ ಒತ್ತುತ್ತಾರೆ. ಅವು ಲಾಗ್‌ನಾರ್ಮಲ್‌ನವು, ಬೇರೆ ಮನೆತನ. ಎಕ್ಸೆಲ್‌ನಲ್ಲಿ ಮಾಡುವುದಾದರೆ ಮೇಲೆ ಹೇಳಿದ ಸೂತ್ರವನ್ನು ಕೈಯಾರೆ ಬರೆಯುವುದೇ ದಾರಿ. ಹಾಗೆ ಬರೆದವರು ಭಾಗಿಸುವುದು ಯಾವುದರಿಂದ ಅಂತ ಯೋಚಿಸಲೇಬೇಕು. ಅದೊಂದು ಲಾಭ.

ಆ ಸಂಜೆ ಹುಡುಗಿಗೆ ಧೈರ್ಯ ಬರಲಿ ಅಂತ ಒಂದು ಪ್ರಯೋಗ ಮಾಡಿಸಿದೆ. ನಮ್ಮ ಮಗನ ಹಳೆಯ ಲ್ಯಾಪ್‌ಟಾಪ್, ಚಾರ್ಜರ್ ಸಿಕ್ಕಿಸಿಯೇ ಇರಬೇಕು, ಇಲ್ಲದಿದ್ದರೆ ನಿಂತುಹೋಗುತ್ತದೆ. ಆರ್‌ಲಾಜಿಸ್ ಎಂಬ ಆದೇಶದಿಂದ ಸರಾಸರಿ 800, ಮೂರನೇ ಜಾಗದಲ್ಲಿ 100 ಇಟ್ಟು 1 ಲಕ್ಷ ದರಗಳನ್ನು ಹುಟ್ಟಿಸು ಅಂದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದವು. ಈಗ ಅವುಗಳ ಮಾನಕ ವಿಚಲನೆ ತೆಗೆ ಅಂದೆ. 100 ಬರಬೇಕಲ್ಲ? ಬಂದದ್ದು 181 ಚಿಲ್ಲರೆ. ಮತ್ತೊಮ್ಮೆ ಮಾಡಿಸಿದೆ, ಮತ್ತೆ 181ರ ಆಸುಪಾಸು. ಮೂರನೇ ಜಾಗದಲ್ಲಿ 55.13 ಇಟ್ಟಾಗ 100ರ ಹತ್ತಿರಕ್ಕೆ ಬಂತು. ಅವಳು ಆಗ ಚಹಾ ಕುಡಿದಳು.

ನಿಮ್ಮ ಪತ್ರಿಕೆ ಓದುವ ಯಾವ ವಿದ್ಯಾರ್ಥಿಯೂ ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ನನ್ನ ಮಾತನ್ನೂ ನಂಬಬೇಕಾಗಿಲ್ಲ, ಚೀಟಿಯನ್ನೂ ನಂಬಬೇಕಾಗಿಲ್ಲ.

ಮಾರನೇ ದಿನ ಅವಳ ಜೊತೆ ಕಾಲೇಜಿಗೆ ಹೋದೆ. ಯಾವ ಕಾಲೇಜು ಅಂತ ಬರೆಯುವುದಿಲ್ಲ. ಅಲ್ಲಿಯವರು ನನ್ನನ್ನು ಮರ್ಯಾದೆಯಿಂದಲೇ ಕೂರಿಸಿದರು. 181ರ ಪ್ರಯೋಗ ತೋರಿಸಿದೆ. ಇಬ್ಬರು ಕಿರಿಯ ಅಧ್ಯಾಪಕರು ಎದ್ದು ಬಂದು ಪರದೆ ನೋಡಿದರು, ಒಬ್ಬರು ತಮ್ಮ ಮೊಬೈಲ್‌ನಲ್ಲೇ ಮಾಡಿ ನೋಡಿದರು. ಹೌದು ಸರ್ ಅಂದರು. ಆದರೆ ಉತ್ತರದ ಚೀಟಿ ಹೊರಗಿನಿಂದ ಬಂದದ್ದಂತೆ. ಪ್ರಾಯೋಗಿಕ ಪರೀಕ್ಷೆಗೆ ಮರುಮೌಲ್ಯಮಾಪನ ಇಲ್ಲವಂತೆ. ಅಂಕಗಳು ಆಗಲೇ ಆನ್‌ಲೈನ್‌ನಲ್ಲಿ ಏರಿವೆಯಂತೆ. ಮೂರೂ ನಿಜವೇ ಇರಬಹುದು. ಒಂದು ಅರ್ಜಿ ಬರೆದು ಕೊಟ್ಟು ಬಂದೆವು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲು ಮಾತ್ರ ಮರೆಯಲಿಲ್ಲ. 31 ವರ್ಷದ ನೌಕರಿ ಕಲಿಸಿದ ಬುದ್ಧಿ.

ಪ್ರಶ್ನೆ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮನಸ್ಸಿನಲ್ಲಿ ಸ್ಕೇಲ್ 100 ಅಂತಲೇ ಇತ್ತೇನೋ, ಬರೆಯುವಾಗ ಕೈ ರೂಢಿಯಂತೆ ಮಾನಕ ವಿಚಲನೆ ಅಂತ ಬರೆಯಿತು. ಆದರೆ ಹಾಳೆಯ ಮೇಲೆ ಇದ್ದದ್ದು ಮಾನಕ ವಿಚಲನೆ. ಹಾಳೆ ಓದಿ ಉತ್ತರ ಬರೆದವರಿಗೆ ಅಂಕ ಸಿಗಬೇಕು. ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ. ಲಾಜಿಸ್ಟಿಕ್ ಪ್ರಶ್ನೆ ಕೊಡುವಾಗ ಸ್ಕೇಲ್ ಕೊಡುತ್ತಿದ್ದೀರೋ, ಮಾನಕ ವಿಚಲನೆ ಕೊಡುತ್ತಿದ್ದೀರೋ ಬಿಡಿಸಿ ಬರೆಯಿರಿ. ಉತ್ತರವನ್ನು ಕಂಪ್ಯೂಟರಿನಿಂದ ತೆಗೆದ ಮೇಲೆ ಒಮ್ಮೆ ಕ್ಯಾಲ್ಕುಲೇಟರ್‌ನಲ್ಲೂ ಮಾಡಿ. ಎರಡು ನಿಮಿಷದ ಕೆಲಸ.

ಅಧ್ಯಾಪಕರಿಗೆ ಇನ್ನೊಂದು ಸಂಗತಿ, ಬೇಗ ಹೇಳಿ ಮುಗಿಸುತ್ತೇನೆ. ಲಾಜಿಸ್ಟಿಕ್‌ನ ಬಾಲ, ಅಂದರೆ ಸರಾಸರಿಯಿಂದ ಬಹಳ ದೂರದ ತುದಿ, ನಾರ್ಮಲ್‌ಗಿಂತ ದಪ್ಪ. ಸರಾಸರಿಯಿಂದ 3 ಮಾನಕ ವಿಚಲನೆಗಿಂತ ದೂರ ಇರುವವರು ನಾರ್ಮಲ್‌ನಲ್ಲಿ 10,000ಕ್ಕೆ 27, ಲಾಜಿಸ್ಟಿಕ್‌ನಲ್ಲಿ 86. ಮಕ್ಕಳು ಬಾಲದ ಲೆಕ್ಕ ಮಾಡುವಾಗ 1ರಿಂದ ಕಳೆಯುವ ಅಭ್ಯಾಸ ಬಿಡಬೇಕು. ಸರಾಸರಿ 0, ಸ್ಕೇಲ್ 1 ಇಟ್ಟು 40ರ ಆಚೆ ಎಷ್ಟು ಅಂತ ಹಾಗೆ ಕಳೆದು ಕೇಳಿದರೆ ಆರ್ ಸೊನ್ನೆ ಅನ್ನುತ್ತದೆ. 1ಕ್ಕೆ ಅಷ್ಟು ಹತ್ತಿರದ ಸಂಖ್ಯೆಯನ್ನು ಅದು 1 ಎಂದೇ ಇಟ್ಟುಕೊಳ್ಳುವುದರಿಂದ ಕಳೆದರೆ ಏನೂ ಉಳಿಯುವುದಿಲ್ಲ. ಕೆಳಗಿನ ಬಾಲ ಬೇಡ, ಮೇಲಿನದು ಬೇಕು ಅಂತ ನೇರವಾಗಿ ಕೇಳುವ ಸೌಲಭ್ಯ ಅದೇ ಆದೇಶದಲ್ಲಿ ಇದೆ. ಅದನ್ನು ಬಳಸಿದರೆ ದಶಾಂಶ ಚುಕ್ಕೆಯ ನಂತರ 17 ಸೊನ್ನೆ ದಾಟಿ 4248 ಎಂಬ ಅಂಕಿಗಳು ಕಾಣುತ್ತವೆ. ಇದು ಪರೀಕ್ಷೆಯಲ್ಲಿ ಬರಲಿಕ್ಕಿಲ್ಲ, ಕೆಲಸಕ್ಕೆ ಸೇರಿದ ಮೇಲೆ ಬರುತ್ತದೆ.

ಪತ್ರ ಉದ್ದವಾಯಿತು. ಕತ್ತರಿ ನಿಮ್ಮ ಕೈಯಲ್ಲಿದೆ, ವೆರ್ಹುಲ್ಸ್ಟ್ ಅವರನ್ನು ಕತ್ತರಿಸಿದರೆ ನನಗೆ ಬೇಜಾರಿಲ್ಲ. ನಿಂಬೆ ಮಾತ್ರ ಇರಲಿ. ಶಿಕ್ಷಣ ಪುಟದಲ್ಲಿ ತಿದ್ದುಪಡಿ ಹಾಕುವುದಾದರೆ ಈ ಎರಡು ಸಾಲು ಸಾಕು: ‘ಲಾಜಿಸ್ಟಿಕ್ ವಿತರಣೆಗೆ ಸಾಫ್ಟ್‌ವೇರ್ ಕೇಳುವುದು ಸರಾಸರಿ ಮತ್ತು ಸ್ಕೇಲ್. ಮಾನಕ ವಿಚಲನೆ ಗೊತ್ತಿದ್ದರೆ ಅದನ್ನು 1.8138ರಿಂದ ಭಾಗಿಸಿ ಕೊಡಬೇಕು.’ ಮುಂದಿನ ತಿಂಗಳು ಇನ್ನೊಂದು ಬ್ಯಾಚಿನ ಪ್ರಾಯೋಗಿಕ ಪರೀಕ್ಷೆ ಇದೆಯಂತೆ. ಅದಕ್ಕೂ ಮೊದಲೇ ಹಾಕಿದರೆ ಉಪಕಾರ. ಆ 1.8138 ಮಾತ್ರ ಸ್ವಲ್ಪ ದಪ್ಪ ಅಕ್ಷರದಲ್ಲಿರಲಿ.

ಇಂತಿ,
ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ
ವಿಜಯಪುರ